ಸೊಂಟ ಹಿಡಿದಾಗ: ಬೆನ್ನು ‘ಟಕ್’ ಅನ್ನಿಸುವ ಮೊದಲು ನೋಡಬೇಕಾದ್ದು, ಆಮೇಲೆ ಮಾಡಬೇಕಾದ್ದು

ಮೊಬೈಲಿನಲ್ಲಿ ಬೆನ್ನು ‘ಟಕ್’ ಅನ್ನಿಸುವ ವಿಡಿಯೊ ನೋಡಿ, ನಮಗೂ ಒಮ್ಮೆ ಹಾಗೆ ಮಾಡಿಸಿಬಿಟ್ಟರೆ ಸೊಂಟನೋವು ಹೋದೀತು ಅಂದುಕೊಳ್ಳುವವರು ಈಗ ಬಹಳ ಮಂದಿ. ಕೈರೋಪ್ರಾಕ್ಟಿಕ್ ಎಂಬ ಆ ಕೈಚಿಕಿತ್ಸೆಯಿಂದ ಕೆಲವರಿಗೆ ಆರಾಮ ಸಿಗುತ್ತದೆ, ಸುಳ್ಳಲ್ಲ. ಆದರೆ ದಾವಣಗೆರೆ, ಚಿತ್ರದುರ್ಗದ ಕಡೆಯವರು ಬೆನ್ನು ಒತ್ತಿಸಿಕೊಳ್ಳುವ ಮೊದಲು ನೋಡಿಕೊಳ್ಳಬೇಕಾದ ಒಂದೆರಡು ಸಂಗತಿಗಳು ಇಲ್ಲಿನ ನೀರಿಗೆ, ಕುರಿಗೆ, ಕೆಲಸಕ್ಕೆ ಸೇರಿದವು. ಅವು ವಿಡಿಯೊದಲ್ಲಿ ಬರುವುದಿಲ್ಲ.

ಆ ಶಬ್ದ ಏನು, ಏನಲ್ಲ

ಕೈರೋಪ್ರಾಕ್ಟಿಕ್ ಶುರುವಾದದ್ದು 1895ರಲ್ಲಿ, ಅಮೆರಿಕದ ಅಯೋವಾ ರಾಜ್ಯದ ಡೇವನ್‌ಪೋರ್ಟ್‌ನಲ್ಲಿ, ಡಿ.ಡಿ. ಪಾಮರ್ ಎಂಬವರಿಂದ. ಬೆನ್ನುಮೂಳೆ ಜಾಗ ತಪ್ಪುವುದರಿಂದಲೇ ಬಹುಪಾಲು ರೋಗಗಳು ಬರುತ್ತವೆ ಎಂದು ಅವರು ನಂಬಿದ್ದರು. ಆ ನಂಬಿಕೆ ನಿಲ್ಲಲಿಲ್ಲ. ನಿಂತಿರುವುದು ಇಷ್ಟು: ಕೀಲಿಗೆ ಕೈಯಿಂದ ಕೊಡುವ ಚುರುಕಾದ, ಸಣ್ಣ ಒತ್ತಡ ಸಾಮಾನ್ಯ ಸೊಂಟನೋವಿಗೆ ತಕ್ಕಮಟ್ಟಿನ ಆರಾಮ ಕೊಡುತ್ತದೆ. ದೀರ್ಘಕಾಲದ ಸೊಂಟನೋವಿಗೆ ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೊರಡಿಸಿದ ಮಾರ್ಗಸೂಚಿ ವ್ಯಾಯಾಮದ ಜೊತೆಗೆ ಇದನ್ನೂ ಬಳಸಬಹುದು ಎಂದಿದೆ. ಅದೇ ಮಾರ್ಗಸೂಚಿ ಸೊಂಟದ ಬೆಲ್ಟು ಮತ್ತು ಟ್ರ್ಯಾಕ್ಷನ್ (ಬೆನ್ನನ್ನು ಎಳೆದು ಹಿಡಿಯುವುದು) ವಾಡಿಕೆಯ ಚಿಕಿತ್ಸೆಯಾಗಿ ಬೇಡ ಎಂದಿದೆ. ನಮ್ಮಲ್ಲಿ ಮೊದಲು ಬರೆದುಕೊಡುವುದೇ ಬೆಲ್ಟು!

ಕೀಲಿನೊಳಗಿನ ದ್ರವದಲ್ಲಿ ಒತ್ತಡ ತಟ್ಟನೆ ಇಳಿದು ಅನಿಲದ ಗುಳ್ಳೆ ಏಳುವಾಗ ‘ಟಕ್’ ಎನ್ನುತ್ತದೆ. ಬೆರಳಿನ ನೆಟಿಗೆ ಮುರಿದಾಗ ಬರುವುದೂ ಅದೇ ಶಬ್ದ. ಅದರಿಂದ ಮೂಳೆ ಜಾಗಕ್ಕೆ ಕೂರುವುದಿಲ್ಲ, ಉಬ್ಬಿದ ಡಿಸ್ಕ್ (ಬೆನ್ನುಮೂಳೆಗಳ ನಡುವಿನ ಮೆತ್ತೆ) ಒಳಗೆ ಹೋಗುವುದಿಲ್ಲ, ಜನ ಹೇಳುವ ‘ಗ್ಯಾಪ್’ ಮುಚ್ಚುವುದೂ ಇಲ್ಲ. ಬಿಗಿದ ಸ್ನಾಯು ಸ್ವಲ್ಪ ಹೊತ್ತು ಸಡಿಲವಾಗುತ್ತದೆ, ನೋವು ತಗ್ಗುತ್ತದೆ, ಆ ಹೊತ್ತಿನಲ್ಲಿ ಮೈ ಆಡಿಸಲು ಆಗುತ್ತದೆ. ಈ ಚಿಕಿತ್ಸೆಯ ಬೆಲೆ ಅಷ್ಟೇ. ಆರಾಮ ಸಿಕ್ಕ ಆ ಒಂದೆರಡು ದಿನದಲ್ಲಿ ನಡೆದು, ವ್ಯಾಯಾಮ ಮಾಡಿ, ಚೀಲ ಎತ್ತುವ ರೀತಿ ಬದಲಿಸಿದವರಿಗೆ ಉಪಯೋಗ ಉಳಿಯುತ್ತದೆ. ಬರೇ ಒತ್ತಿಸಿಕೊಂಡು ಬಂದವರು ಮುಂದಿನ ವಾರ ಮತ್ತೆ ಸಾಲಿನಲ್ಲಿ ಕೂತಿರುತ್ತಾರೆ.

ಮೊದಲ ಹೆಜ್ಜೆ: ಇದು ಒತ್ತಿಸಿಕೊಳ್ಳುವ ಬೆನ್ನೇ?

ಮೂತ್ರ ಕಟ್ಟಿದರೆ, ಮೂತ್ರ ಅಥವಾ ಮಲ ಗೊತ್ತಾಗದೆ ಹೋದರೆ, ತೊಡೆಸಂದಿ ಮತ್ತು ಗುದದ ಸುತ್ತ ಜೋಮು ಹಿಡಿದರೆ, ಎರಡೂ ಕಾಲು ಸೋತರೆ ಯಾರ ಬಳಿಯೂ ಒತ್ತಿಸಿಕೊಳ್ಳಬೇಡಿ. ಬೆನ್ನುಹುರಿಯ ಕೆಳಗಿನ ನರಗಳ ಗೊಂಚಲು ಒತ್ತಿಹೋಗಿರುವ ಲಕ್ಷಣ ಇದು. ಒಂದೆರಡು ದಿನದೊಳಗೆ ಆಪರೇಷನ್ ಆಗದಿದ್ದರೆ ಮೂತ್ರದ ಹಿಡಿತ ಮತ್ತೆ ಬಾರದೇ ಹೋಗಬಹುದು. 108ಕ್ಕೆ ಕರೆ ಮಾಡಿ, ಅದೇ ರಾತ್ರಿ ದೊಡ್ಡ ಆಸ್ಪತ್ರೆ ಸೇರಿ.

ಸಂಜೆ ಜ್ವರ, ತೂಕ ಇಳಿಕೆ, ರಾತ್ರಿ ಮಲಗಿದರೂ ಬಿಡದ ನೋವು, ಬೆನ್ನಿನ ನಡುವೆ ಒಂದೇ ಕಡೆ ಗುದ್ದಿದಂತೆ ನೋವು ಇದ್ದರೆ ಬೆನ್ನುಮೂಳೆಯ ಕ್ಷಯ ಇರಬಹುದು. ಕೆಮ್ಮು ಇರಲೇಬೇಕೆಂದಿಲ್ಲ. ಇದು ಮಾತ್ರೆಯಿಂದ ವಾಸಿಯಾಗುವ ಕಾಯಿಲೆ, ಸರ್ಕಾರಿ ಆಸ್ಪತ್ರೆಯಲ್ಲಿ ಮಾತ್ರೆ ಉಚಿತ. ಆದರೆ ಹುಳುಕಾದ ಮೂಳೆಯ ಮೇಲೆ ಮೊಣಕಾಲೂರಿ ಒತ್ತಿದರೆ ಅದು ಕುಸಿದು ಕಾಲಿನ ಶಕ್ತಿಯೇ ಹೋಗಬಹುದು.

ಇನ್ನು ಕುರಿ. ಚಳ್ಳಕೆರೆ, ಹಿರಿಯೂರು, ಮೊಳಕಾಲ್ಮುರು, ಜಗಳೂರು ಕಡೆ ಕುರಿ-ಮೇಕೆ ಸಾಕುವವರಿಗೆ, ಕಂದು ಹಾಕಿದ (ಗರ್ಭ ಇಳಿದ) ಕುರಿಯ ಕಸವನ್ನು (ಮಾಸು) ಬರಿಗೈಯಲ್ಲಿ ತೆಗೆದವರಿಗೆ, ಹಸಿ ಹಾಲು ಕುಡಿಯುವವರಿಗೆ ಬ್ರುಸೆಲ್ಲಾ ಎಂಬ ಸೋಂಕು ತಗುಲಬಹುದು. ಬಂದು ಹೋಗುವ ಜ್ವರ, ರಾತ್ರಿ ಬೆವರು, ಕೀಲು ಮತ್ತು ಸೊಂಟದ ನೋವು ಇದರ ಗುರುತು. ಸೊಂಟನೋವೆಂದು ಬಂದವರನ್ನು “ಮನೆಯಲ್ಲಿ ಕುರಿ ಇವೆಯಾ?” ಎಂದು ಕೇಳುವವರು ಕಡಿಮೆ, ಹಾಗಾಗಿ ನೀವೇ ಹೇಳಿ. ರಕ್ತಪರೀಕ್ಷೆಯಿಂದ ತಿಳಿಯುತ್ತದೆ. ಆ್ಯಂಟಿಬಯಾಟಿಕ್ ಕನಿಷ್ಠ 6 ವಾರ ಬೇಕು, ಬೆನ್ನುಮೂಳೆಗೆ ಹತ್ತಿದ್ದರೆ ಇನ್ನೂ ಹೆಚ್ಚು.

ನೀರಿನ ವಿಷಯಕ್ಕೆ ಬಂದರೆ, ಜಗಳೂರು ಮತ್ತು ಚಿತ್ರದುರ್ಗ ಜಿಲ್ಲೆಯ ಹಲವು ಊರುಗಳ ಕೊಳವೆಬಾವಿಗಳಲ್ಲಿ ಫ್ಲೋರೈಡ್ ಜಾಸ್ತಿ. ಕುಡಿಯುವ ನೀರಿನಲ್ಲಿ ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದು. ಅದಕ್ಕಿಂತ ಬಹಳ ಹೆಚ್ಚಿರುವ ನೀರನ್ನು ಹತ್ತಾರು ವರ್ಷ ಕುಡಿದವರಲ್ಲಿ ಬೆನ್ನುಮೂಳೆಯ ಸುತ್ತಲಿನ ಕಟ್ಟುಗಳೇ ಮೂಳೆಯಾಗುತ್ತವೆ, ಬೆನ್ನು ಹಲಗೆಯಂತೆ ಸೆಟೆಯುತ್ತದೆ, ಕುತ್ತಿಗೆ ತಿರುಗದು. ಎಕ್ಸ್‌ರೇಯಲ್ಲಿ ಮೂಳೆ ಬೆಳ್ಳಗೆ, ಗಟ್ಟಿಯಾಗಿ ಕಂಡರೂ ಒಳಗೆ ಪೆಡಸು, ಬೇಗ ಮುರಿಯುತ್ತದೆ. ಚಿಕ್ಕಂದಿನಿಂದ ಅಲ್ಲೇ ಬೆಳೆದವರ ಹಲ್ಲಿನ ಮೇಲೆ ಕಂದು ಗೆರೆ ಇದ್ದರೆ ಅದೊಂದು ಸುಳಿವು. ಇಂಥ ಬೆನ್ನನ್ನು, ಮುಖ್ಯವಾಗಿ ಕುತ್ತಿಗೆಯನ್ನು, ತಿರುಚಿಸಬಾರದು. ಅಂದಹಾಗೆ ನೀರು ಕಾಯಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಅದು ಇನ್ನಷ್ಟು ಸಾಂದ್ರವಾಗುತ್ತದೆ. ಊರಿನ ಶುದ್ಧ ಕುಡಿಯುವ ನೀರಿನ ಘಟಕದ ನೀರನ್ನು ಅಡುಗೆಗೂ ಬಳಸಿ, ಕುಡಿಯಲು ಮಾತ್ರ ಅಲ್ಲ.

ಮುಟ್ಟು ನಿಂತು ವರ್ಷಗಳಾದ ಹೆಂಗಸರು, ಆಸ್ತಮಾಕ್ಕೋ ಮಂಡಿನೋವಿಗೋ ಬಹಳ ಕಾಲ ಸ್ಟೀರಾಯ್ಡ್ ನುಂಗಿದವರು ಆಟೋದಲ್ಲಿ ಒಂದು ಹಂಪ್ ಎಗರಿದ್ದಕ್ಕೇ ಬೆನ್ನುಮೂಳೆ ಕುಸಿಸಿಕೊಂಡಿರುವುದುಂಟು. ಅವರಿಗೆ ಎಕ್ಸ್‌ರೇ ಮೊದಲು. ಹಿಂದೆ ಕ್ಯಾನ್ಸರ್ ಆಗಿದ್ದವರು, ರಕ್ತ ತೆಳುವಾಗಿಸುವ ಮಾತ್ರೆಯಲ್ಲಿರುವವರು, ಬಿದ್ದು ಪೆಟ್ಟಾದವರು, ಆಮವಾತ ಇರುವವರು ಕೂಡ ಹಾಗೆಯೇ. 45 ದಾಟದವರಿಗೆ ಮೂರು ತಿಂಗಳು ಮೀರಿ ನೋವಿದ್ದು, ಬೆಳಿಗ್ಗೆ ಅರ್ಧ ಗಂಟೆಗಿಂತ ಹೆಚ್ಚು ಹೊತ್ತು ಸೊಂಟ ಸೆಟೆದು, ಓಡಾಡಿದ ಮೇಲೆ ಹಗುರಾಗುತ್ತಿದ್ದರೆ ಅದು ಉಳುಕಲ್ಲ, ಉರಿಯೂತದ ವಾತ ಇರಬಹುದು. ಅದಕ್ಕೆ ಬೇರೆಯದೇ ಔಷಧಿ.

ಮನೆಯಲ್ಲೇ ಮಾಡಬಹುದಾದ ಮೂರು ಪರೀಕ್ಷೆ: ಹಿಮ್ಮಡಿ ಮೇಲೆ ಹತ್ತು ಹೆಜ್ಜೆ ನಡೆಯಿರಿ. ಗೋಡೆ ಹಿಡಿದು ಒಂದೊಂದೇ ಕಾಲಿನ ತುದಿಬೆರಳ ಮೇಲೆ ಹತ್ತು ಸಲ ಏಳಿ. ಕೂತು ಕಾಲಿನ ಹೆಬ್ಬೆರಳನ್ನು ಮೇಲೆತ್ತಿ, ಇನ್ನೊಬ್ಬರಿಗೆ ಅದನ್ನು ಕೆಳಕ್ಕೆ ಒತ್ತಲು ಹೇಳಿ. ಹಿಮ್ಮಡಿ ನಡಿಗೆ ಮತ್ತು ಹೆಬ್ಬೆರಳು ಒಂದು ಕಡೆ ಸೋತರೆ ಸಾಮಾನ್ಯವಾಗಿ ಸೊಂಟದ ಐದನೇ ನರ, ತುದಿಗಾಲು ಸೋತರೆ ಅದರ ಕೆಳಗಿನದು. ಜಾರುವ ಡಿಸ್ಕ್‌ಗಳಲ್ಲಿ ಹೆಚ್ಚಿನವು ಎಲ್4-ಎಲ್5 ಮತ್ತು ಎಲ್5-ಎಸ್1 ಜಾಗದವು, ಅಂದರೆ ಸೊಂಟದ ಕೊನೆಯ ಎರಡು ಡಿಸ್ಕ್‌ಗಳು. ನೋವು ಎಷ್ಟಾದರೂ ಇರಲಿ, ಶಕ್ತಿ ಕುಂದಿದ್ದರೆ ದಾವಣಗೆರೆಯ ಚಿಗಟೇರಿ ಜಿಲ್ಲಾ ಆಸ್ಪತ್ರೆಯದ್ದೋ, ಚಿತ್ರದುರ್ಗ ಜಿಲ್ಲಾ ಆಸ್ಪತ್ರೆಯದ್ದೋ, ಯಾವುದಾದರೂ ಮೆಡಿಕಲ್ ಕಾಲೇಜಿನದ್ದೋ ಮೂಳೆ ವಿಭಾಗಕ್ಕೆ ಆ ವಾರವೇ ಹೋಗಿ.

ಮೊದಲ ಮೂರು ದಿನ

ಮೇಲಿನ ಯಾವುದೂ ಇಲ್ಲವೆಂದರೆ ಗಾಬರಿ ಬೇಡ. ಹೆಚ್ಚಿನವರಿಗೆ 4ರಿಂದ 6 ವಾರದಲ್ಲಿ ಬಹುಪಾಲು ಇಳಿಯುತ್ತದೆ, ಯಾರು ಒತ್ತಿದರೂ ಒತ್ತದಿದ್ದರೂ. ಕಾಲು ಮುಂದಾಗಿ ಹುಟ್ಟಿದವರಿಂದ ಒದೆಸಿಕೊಂಡವರಿಗೂ ವಾಸಿಯಾಗುವ ಗುಟ್ಟು ಇದೇ.

ಪೂರ್ತಿ ಮಲಗಿಬಿಡುವುದು ದೊಡ್ಡ ತಪ್ಪು. ನೆಲದ ಮೇಲೆ ಚಾಪೆ ಹಾಸಿ ಅಂಗಾತ ಮಲಗಿ, ಮೀನಖಂಡ ಕುರ್ಚಿಯ ಮೇಲೆ ಬರುವಂತೆ ಕಾಲಿಟ್ಟು 10–15 ನಿಮಿಷ ಇರಿ. ಏಳುವಾಗ ನೇರ ಏಳದೆ, ಮೊದಲು ಪಕ್ಕಕ್ಕೆ ಹೊರಳಿ, ಕಾಲು ಕೆಳಗಿಳಿಸುತ್ತಾ ಕೈಯೂರಿ ಏಳಿ. ಗಂಟೆ-ಎರಡು ಗಂಟೆಗೊಮ್ಮೆ ಅಂಗಳದಲ್ಲಿ ಐದು ನಿಮಿಷ ನಡೆಯಿರಿ. ಬಿಸಿನೀರಿನ ಚೀಲಕ್ಕೆ ಟವೆಲ್ ಸುತ್ತಿ 15–20 ನಿಮಿಷ ಶಾಖ ಕೊಡಿ. ಸಕ್ಕರೆ ಕಾಯಿಲೆಯವರಿಗೆ ಚರ್ಮ ಸುಟ್ಟದ್ದು ಗೊತ್ತಾಗದು, ಬಿಸಿಯನ್ನು ಮನೆಯವರು ಮುಟ್ಟಿ ನೋಡಲಿ. ಶೌಚಕ್ಕೆ ಕುಕ್ಕರುಗಾಲಲ್ಲಿ ಕೂರಲಾಗದಿದ್ದರೆ ನಡುವೆ ತೂತಿರುವ ಪ್ಲಾಸ್ಟಿಕ್ ಕುರ್ಚಿ ತನ್ನಿ. ಮಲ ಗಟ್ಟಿಯಾಗಲು ಬಿಡಬೇಡಿ, ತಿಣುಕುವಾಗ ಡಿಸ್ಕ್ ಮೇಲಿನ ಒತ್ತಡ ಏರುತ್ತದೆ.

ನೋವು ಕಾಲಿಗೆ ಇಳಿಯುತ್ತಿದ್ದರೆ ಇದನ್ನು ಮಾಡಿ ನೋಡಿ: ಬೋರಲು ಮಲಗಿ ಎರಡು ನಿಮಿಷ. ಮೊಣಕೈ ಊರಿ ಎದೆ ಎತ್ತಿ ಎರಡು ನಿಮಿಷ. ಬಳಿಕ ಅಂಗೈ ಊರಿ, ಸೊಂಟ ನೆಲದಲ್ಲೇ ಬಿಟ್ಟು, ಎದೆಯನ್ನು ನಿಧಾನ ಹತ್ತು ಸಲ ಎತ್ತಿ ಇಳಿಸಿ. ನೋವು ಮೀನಖಂಡದಿಂದ ತೊಡೆಗೆ, ತೊಡೆಯಿಂದ ಸೊಂಟಕ್ಕೆ ಮೇಲೇರಿ ಬಂದರೆ, ಸೊಂಟದಲ್ಲಿ ಸ್ವಲ್ಪ ಹೆಚ್ಚಾದರೂ ಸರಿಯೇ, ಅದು ಒಳ್ಳೆಯ ಗುರುತು; ದಿನಕ್ಕೆ ನಾಲ್ಕೈದು ಸಲ ಮಾಡಿ. ನೋವು ಪಾದದ ಕಡೆ ಇಳಿದರೆ ತಕ್ಷಣ ನಿಲ್ಲಿಸಿ. ವಯಸ್ಸಾದವರಿಗೆ ನಾಲ್ಕು ಮಾರು ನಡೆದರೆ ಕಾಲು ಸೇದಿ, ಕೂತರೆ ಅಥವಾ ಮುಂದೆ ಬಾಗಿದರೆ ಆರಾಮ ಅನ್ನಿಸುತ್ತಿದ್ದರೆ ಈ ವ್ಯಾಯಾಮ ಅವರದಲ್ಲ. ಅಂಗಾತ ಮಲಗಿ ಮಂಡಿಗಳನ್ನು ಎದೆಗೆ ಎಳೆದುಕೊಳ್ಳುವುದು ಅವರಿಗೆ ಹೊಂದುತ್ತದೆ.

ಮೆಡಿಕಲ್ ಶಾಪಿನಲ್ಲಿ ಕೇಳದೆಯೇ ಕೊಡುವ ಮೂರು ಔಷಧ ಬೆರೆಸಿದ ಮಾತ್ರೆಯಲ್ಲಿ ಸಾಮಾನ್ಯವಾಗಿ ಡೈಕ್ಲೋಫೆನಾಕ್, ಪ್ಯಾರಸಿಟಮಾಲ್, ಸ್ನಾಯು ಸಡಿಲಿಸುವ ಕ್ಲೋರ್‌ಜೊಕ್ಸಜೋನ್ ಇರುತ್ತವೆ. ಕೊನೆಯದು ಮಂಪರು ತರುತ್ತದೆ, ಲಾರಿ, ಟ್ರ್ಯಾಕ್ಟರ್ ಓಡಿಸುವ ದಿನ ಬೇಡ. ಮೊದಲನೆಯದು ಹೊಟ್ಟೆಹುಣ್ಣು, ಮೂತ್ರಪಿಂಡದ ತೊಂದರೆ, ಬಿಪಿ, ಹೃದಯದ ಕಾಯಿಲೆ ಇದ್ದವರಿಗೆ ಅಪಾಯ. ಅವರು ವೈದ್ಯರನ್ನು ಕೇಳಿಯೇ ನುಂಗಬೇಕು, ಉಳಿದವರೂ ಊಟದ ಮೇಲೆ, ನಾಲ್ಕೈದು ದಿನ ಮಾತ್ರ.

ಎಂ.ಆರ್.ಐ. ಅವಸರ ಬೇಡ. ನೋವೇ ಇಲ್ಲದ ಆರೋಗ್ಯವಂತರನ್ನು ಸ್ಕ್ಯಾನ್ ಮಾಡಿದರೂ 20ರ ವಯಸ್ಸಿನವರಲ್ಲಿ ಸುಮಾರು 30 ಶೇಕಡ, 80ರವರಲ್ಲಿ ಸುಮಾರು 84 ಶೇಕಡ ಮಂದಿಗೆ ಡಿಸ್ಕ್ ಉಬ್ಬಿರುವುದು ಕಾಣುತ್ತದೆ. ರಿಪೋರ್ಟಿನಲ್ಲಿ ‘ಬಲ್ಜ್’ ಅಂತ ಓದಿ ಬಗ್ಗುವುದನ್ನೇ ಬಿಟ್ಟವರು ನೋವಿಗಿಂತ ಹೆದರಿಕೆಯಿಂದಲೇ ಹಾಸಿಗೆ ಹಿಡಿಯುತ್ತಾರೆ.

ಚಿಕಿತ್ಸೆಗೆ ಹೋಗುವುದಾದರೆ

ವೈದ್ಯರಿಗೆ, ದಂತವೈದ್ಯರಿಗೆ ಇರುವಂಥ ಪ್ರತ್ಯೇಕ ನೋಂದಣಿ ಮಂಡಳಿ ನಮ್ಮ ದೇಶದಲ್ಲಿ ಕೈರೋಪ್ರಾಕ್ಟರ್‌ಗಳಿಗೆ ಇಲ್ಲ. ಹೊರದೇಶದಲ್ಲಿ ವರ್ಷಗಟ್ಟಲೆ ಓದಿ ಬಂದವರೂ, ವಾರಾಂತ್ಯದ ಕೋರ್ಸ್ ಮುಗಿಸಿದವರೂ ಒಂದೇ ಬೋರ್ಡು ಹಾಕಬಹುದು. ಹಾಗಾಗಿ ಏನು ಓದಿದ್ದೀರಿ, ಎಲ್ಲಿ, ಎಷ್ಟು ವರ್ಷ ಎಂದು ಕೇಳಿ. ಕೇಳಿದ್ದಕ್ಕೆ ಸಿಟ್ಟಾದರೆ ಅದೇ ಉತ್ತರ. ಬಿ.ಪಿ.ಟಿ., ಎಂ.ಪಿ.ಟಿ. ಓದಿದ ಫಿಸಿಯೋಥೆರಪಿಸ್ಟ್‌ಗಳೂ ಇದೇ ಕೈಚಿಕಿತ್ಸೆ ಕಲಿತಿರುತ್ತಾರೆ. ದಾವಣಗೆರೆ, ಚಿತ್ರದುರ್ಗದಲ್ಲೇ ಸಿಗುವ ಅವರನ್ನು ಬಿಟ್ಟು ಬೆಂಗಳೂರಿಗೆ ನಾಲ್ಕೈದು ಗಂಟೆ ಬಸ್ಸಿನಲ್ಲಿ ಕೂತು ಹೋಗಿ ಬಂದರೆ, ಇಳಿದ ನೋವು ವಾಪಸ್ ಬರುವ ದಾರಿಯಲ್ಲೇ ಏರುತ್ತದೆ.

ಸರಿಯಾಗಿ ನೋಡುವವರು ಮೊದಲ ಭೇಟಿಯಲ್ಲಿ ಮೇಲೆ ಹೇಳಿದ ಪ್ರಶ್ನೆಗಳನ್ನೆಲ್ಲ ಕೇಳುತ್ತಾರೆ. ಬಗ್ಗಿಸಿ, ತಿರುಗಿಸಿ ನೋಡುತ್ತಾರೆ. ಕಾಲನ್ನು ನೇರ ಎತ್ತಿ, 30ರಿಂದ 70 ಡಿಗ್ರಿಯೊಳಗೆ ಮಂಡಿಯಿಂದ ಕೆಳಗೆ ಸೆಳೆತ ಬರುತ್ತದೆಯೇ ನೋಡುತ್ತಾರೆ. ಮಂಡಿ, ಹಿಮ್ಮಡಿಗೆ ಸುತ್ತಿಗೆ ತಟ್ಟುತ್ತಾರೆ. ಅದಾದ ಮೇಲೆ ಸೊಂಟಕ್ಕಾದರೆ ನಿಮ್ಮನ್ನು ಪಕ್ಕಕ್ಕೆ ಮಲಗಿಸಿ, ಮೇಲಿನ ಮಂಡಿ ಮಡಚಿ, ಭುಜ ಹಿಂದಕ್ಕೆ, ಸೊಂಟ ಮುಂದಕ್ಕೆ ನಿಧಾನ ತಂದು, ಇನ್ನು ಹೋಗದು ಎಂಬಲ್ಲಿ ಚಿಕ್ಕ ಒತ್ತು ಕೊಡುತ್ತಾರೆ. ದೂರ ತಿರುಚುವುದಿಲ್ಲ. ಆ ಹಂತಕ್ಕೆ ತಂದು ಹಿಡಿದಾಗಲೇ ಕಾಲಿಗೆ ಮಿಂಚು ಹೊಡೆದರೆ “ಬೇಡ” ಎಂದು ಹೇಳಿ, ಅವರು ನಿಲ್ಲಿಸಬೇಕು. ಶಬ್ದ ಬರಲಿಲ್ಲವೆಂದು ಎರಡನೇ, ಮೂರನೇ ಸಲ ಜೋರಾಗಿ ಒತ್ತುವವರಿಂದ ಎದ್ದು ಬನ್ನಿ.

ಕುತ್ತಿಗೆ ಬೇರೆ ಮಾತು. ಕುತ್ತಿಗೆಯ ಮೂಳೆಯೊಳಗಿನಿಂದ ಮಿದುಳಿಗೆ ರಕ್ತನಾಳ ಹೋಗುತ್ತದೆ. ಕುತ್ತಿಗೆಯನ್ನು ಹಠಾತ್ ತಿರುಚಿದ ಬಳಿಕ ಆ ನಾಳದ ಒಳಪದರ ಹರಿದು ಪಾರ್ಶ್ವವಾಯು ಆದ ಪ್ರಕರಣಗಳು ಅಪರೂಪವಾದರೂ ದಾಖಲಾಗಿವೆ. ಸೊಂಟನೋವಿಗೆ ಕುತ್ತಿಗೆ ಮುಟ್ಟಿಸಿಕೊಳ್ಳುವ ಕಾರಣವೇ ಇಲ್ಲ. ಕಟಿಂಗ್ ಶಾಪಿನಲ್ಲಿ ಮಾಲೀಸಿನ ಕೊನೆಗೆ ತಲೆ ಹಿಡಿದು ಎರಡೂ ಕಡೆ ಮುರಿಯುತ್ತಾರಲ್ಲ, ಅದಂತೂ ಬೇಡವೇ ಬೇಡ. ತಿರುಚಿಸಿಕೊಂಡ ಮೇಲೆ ಹಿಂದೆಂದೂ ಕಾಣದ ತಲೆನೋವು, ತಲೆಸುತ್ತು, ಮಾತು ತೊದಲು, ಕಣ್ಣಿಗೆ ಎರಡೆರಡು ಕಂಡರೆ ನೇರ ತುರ್ತು ವಿಭಾಗಕ್ಕೆ ಹೋಗಿ.

ಒತ್ತಿದ ಮೇಲೆ ಒಂದೆರಡು ದಿನ ಮೈಕೈ ನೋವು ಸಹಜ. ನಾಲ್ಕರಿಂದ ಆರು ಭೇಟಿಯಲ್ಲಿ ಬಗ್ಗುವುದು, ನಿದ್ದೆ, ನಡಿಗೆ ಏನೂ ಸುಧಾರಿಸದಿದ್ದರೆ ನಿಲ್ಲಿಸಿ. ಮೊದಲ ದಿನವೇ 24 ಭೇಟಿಯ ಪ್ಯಾಕೇಜಿಗೆ ಮುಂಗಡ ಕೇಳುವವರ ಕೈಗೆ ಬೆನ್ನೂ ಬೇಡ, ದುಡ್ಡೂ ಬೇಡ.

ಚೀಲ, ನಾಟಿ, ಮಗ್ಗ, ಬೈಕು

ಒಬ್ಬ ಗಂಡಾಳು ಹೊರುವ ಭಾರ 55 ಕಿಲೋ ಮೀರಬಾರದು ಎಂದು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 1967ರಲ್ಲೇ ಶಿಫಾರಸು ಮಾಡಿದೆ. ಆದರೆ ಸೊಂಟಕ್ಕೆ ಭಾರ ಎಷ್ಟು ಎನ್ನುವಷ್ಟೇ ಅದು ಎಷ್ಟು ದೂರ ಎಂಬುದೂ ಮುಖ್ಯ. 20 ಕಿಲೋ ಗಂಟನ್ನು ಸೊಂಟದಿಂದ 20 ಸೆಂಟಿಮೀಟರ್ ಹತ್ತಿರ ಹಿಡಿದದ್ದಕ್ಕೂ ಕೈ ಚಾಚಿ 50 ಸೆಂಟಿಮೀಟರ್ ದೂರ ಹಿಡಿದದ್ದಕ್ಕೂ ಎರಡೂವರೆ ಪಟ್ಟು ವ್ಯತ್ಯಾಸ.

ನೆಲದ ಮೇಲಿನ ಚೀಲವನ್ನು ಒಬ್ಬರೇ ಎತ್ತಬೇಡಿ. ಮೊದಲು ಚೀಲವನ್ನು ನಿಲ್ಲಿಸಿ. ಎದುರು-ಬದುರು ನಿಂತು, ಒಂದು ಪಾದ ಚೀಲದ ಪಕ್ಕಕ್ಕೆ, ಇನ್ನೊಂದು ತುಸು ಹಿಂದೆ. ಒಂದು ಕೈಗೆ ಚೀಲದ ಕಿವಿ, ಇನ್ನೊಂದು ಕೈಗೆ ಅಡಿಯ ಮೂಲೆ ಅಥವಾ ಕೊಕ್ಕೆ. ಮಂಡಿ ಮತ್ತು ತೊಡೆಸಂದಿ ಮಡಚಿ, ಬೆನ್ನು ಗೂನಾಗದಂತೆ ಇಟ್ಟು, ಒಬ್ಬರು ಎಣಿಸಿ ಇಬ್ಬರೂ ಒಟ್ಟಿಗೆ ಎತ್ತಿ ಮೂರನೆಯವರ ಬೆನ್ನಿಗೆ ಕೊಡಿ. ಹೊರುವವರು ಬಗ್ಗಿ ಕಾಯುವ ಬದಲು ಲಾರಿಯ ತೊಟ್ಟಿಗೆ ಬೆನ್ನು ತಾಗಿಸಿ ನಿಂತರೆ ಚೀಲ ನೇರ ಹೆಗಲಿನ ಹಿಂಭಾಗಕ್ಕೆ ಬರುತ್ತದೆ. ಬೆನ್ನು ಹೋಗುವುದು ಎತ್ತುವಾಗ ಮಾತ್ರವಲ್ಲ, ಥಪ್ಪಿ ಹಾಕುವಾಗ (ಚೀಲ ಒಂದರ ಮೇಲೊಂದು ಪೇರಿಸುವಾಗ) ಪಾದ ಅಲ್ಲೇ ಊರಿ ಸೊಂಟ ತಿರುಗಿಸಿದಾಗಲೂ. ಪಾದ ತಿರುಗಿಸಿ, ಸೊಂಟ ತಾನೇ ಬರುತ್ತದೆ. ಎದ್ದ ಮೊದಲ ಒಂದು ಗಂಟೆ ಡಿಸ್ಕ್ ನೀರು ಹೀರಿ ಉಬ್ಬಿರುತ್ತದೆ. ಬೆಳಗಿನ ಮೊದಲ ಲೋಡಿಗೆ ಮುಂಚೆ ಹತ್ತು ನಿಮಿಷ ನಡೆದು, ಭಾರ ಕಡಿಮೆಯವನ್ನು ಮೊದಲು ಹಿಡಿಯಿರಿ.

ಭದ್ರಾ ನಾಲೆಯ ಬಯಲಿನಲ್ಲಿ ನಾಟಿ ಮಾಡುವ ಹೆಂಗಸರಿಗೆ ‘ಬಗ್ಗಬೇಡಿ’ ಎನ್ನುವುದು ಉಪದೇಶವೇ ಅಲ್ಲ. ಕಾಲು ಅಗಲ ಮಾಡಿ, ಮಂಡಿ ಸ್ವಲ್ಪ ಸಡಿಲ ಬಿಟ್ಟು, ನಡು ಬದಲು ತೊಡೆಸಂದಿಯಿಂದ ಬಾಗಿ. ಎಡ ಮೊಣಕೈ ತೊಡೆಗೆ ಆನಿಸಿದರೆ ಸೊಂಟದ ಮೇಲಿನ ಭಾರ ತಗ್ಗುತ್ತದೆ. ಒಂದು ಸಾಲು ಮುಗಿದಾಗೆಲ್ಲ ನೆಟ್ಟಗೆ ನಿಂತು, ಅಂಗೈ ಸೊಂಟಕ್ಕೆ ಕೊಟ್ಟು, ಐದಾರು ಸಲ ಹಿಂದೆ ಬಾಗಿ. ಸಸಿ ಕಟ್ಟು ಎಸೆಯುವ ಕೆಲಸವನ್ನು ಸರದಿಯಲ್ಲಿ ಬದಲಿಸಿಕೊಳ್ಳಿ. ಚನ್ನಗಿರಿ ಕಡೆ ಅಡಿಕೆ ಸುಲಿಯುವವರು ನೆಲದಲ್ಲಿ ಕೂರುವ ಬದಲು ಗೇಣುದ್ದದ ಮಣೆ ಹಾಕಿಕೊಂಡು, ಬೆನ್ನಿಗೆ ಗೋಡೆ ಅಥವಾ ತುಂಬಿದ ಚೀಲ ಕೊಟ್ಟು, ಅಡಿಕೆ ರಾಶಿಯನ್ನು ಪಕ್ಕದಿಂದ ಮುಂದಕ್ಕೆ ತಂದುಕೊಳ್ಳಲಿ. ಮೊಳಕಾಲ್ಮುರಿನ ಗುಂಡಿಮಗ್ಗದಲ್ಲಿ ಕೂರುವ ಹಲಗೆಯನ್ನು ಮೂರು ಬೆರಳು ಎತ್ತರಿಸಿ, ಸೊಂಟ ಮಂಡಿಗಿಂತ ಮೇಲಿರಲಿ.

ಬೈಕಿನಲ್ಲಿ ಹಂಪ್ ಬಂದಾಗ ಫುಟ್‌ರೆಸ್ಟ್ ಮೇಲೆ ಭಾರ ಹಾಕಿ ಸೀಟಿನಿಂದ ಒಂದಿಂಚು ಏಳಿ. ಹಿಂದೆ ಒಂದೇ ಕಡೆ ಕಾಲು ಬಿಟ್ಟು ಕೂರುವವರ ಬೆನ್ನು ತಿರುಚಿದ ಸ್ಥಿತಿಯಲ್ಲೇ ಪ್ರತಿ ಏಟನ್ನೂ ತಿನ್ನುತ್ತದೆ. ನೋವಿರುವ ತಿಂಗಳು ಎರಡೂ ಕಡೆ ಕಾಲು ಹಾಕಿ ಕೂರಲಿ, ಇಲ್ಲವೇ ಬಸ್ಸಿನಲ್ಲಿ ಮುಂದಿನ ಸೀಟು ಹಿಡಿಯಲಿ.

ನೋವು ಇಳಿದ ಮೇಲೆ

ಮೂರು ವ್ಯಾಯಾಮ ಸಾಕು. ಅಂಬೆಗಾಲಿಟ್ಟು ಬಲಗೈ, ಎಡಗಾಲು ನೇರ ಚಾಚಿ 10 ಸೆಕೆಂಡ್, ಆಮೇಲೆ ಇನ್ನೊಂದು ಜೋಡಿ. ಪಕ್ಕಕ್ಕೆ ಮಲಗಿ ಮೊಣಕೈ, ಮಂಡಿ ಊರಿ ಸೊಂಟ ಎತ್ತಿ 10 ಸೆಕೆಂಡ್. ಅಂಗಾತ ಮಲಗಿ ಮಂಡಿ ಮಡಚಿ ಕುಂಡಿ ಎತ್ತಿ 10 ಸೆಕೆಂಡ್. ಒಂದೊಂದನ್ನೂ ಆರು ಸಲ, ಸ್ವಲ್ಪ ವಿರಾಮ, ನಾಲ್ಕು ಸಲ, ವಿರಾಮ, ಎರಡು ಸಲ. ಉಸಿರು ಕಟ್ಟಬೇಡಿ. ಎದ್ದ ತಕ್ಷಣ ಬೇಡ, ಗಂಟೆ ಕಳೆಯಲಿ.

ನಡಿಗೆಯನ್ನು ಹಗುರ ಮಾಡಿ ನೋಡಬೇಡಿ. 2024ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದ ಆಸ್ಟ್ರೇಲಿಯಾದ ಅಧ್ಯಯನದಲ್ಲಿ, ಸೊಂಟನೋವು ವಾಸಿಯಾದವರಲ್ಲಿ ನಡಿಗೆಯ ಕಾರ್ಯಕ್ರಮಕ್ಕೆ ಸೇರದವರಿಗೆ ನೋವು ಮರುಕಳಿಸಲು ಹಿಡಿದ ಮಧ್ಯಂಕ ಕಾಲ (ಅರ್ಧದಷ್ಟು ಮಂದಿಗೆ ನೋವು ಮರಳುವ ಹೊತ್ತು) 112 ದಿನ, ಸೇರಿದವರಿಗೆ 208 ದಿನ. ವಾರಕ್ಕೆ ಐದು ದಿನ 30 ನಿಮಿಷದ ಗುರಿಗೆ ಅವರು ಆರು ತಿಂಗಳಲ್ಲಿ ನಿಧಾನ ಏರಿದರು. ಹತ್ತು ನಿಮಿಷದಿಂದ ಶುರು ಮಾಡಿ, ವಾರಕ್ಕೆ ಐದು ನಿಮಿಷ ಕೂಡಿಸಿ.

ಹಾಸಿಗೆ ತೀರಾ ಮೆತ್ತಗೂ ಬೇಡ, ಬರಿ ನೆಲವೂ ಬೇಡ. ಬೆಲ್ಟನ್ನು ಭಾರ ಎತ್ತುವ ಒಂದೆರಡು ಗಂಟೆಗೆ ಕಟ್ಟಿಕೊಂಡರೆ ಕಟ್ಟಿಕೊಳ್ಳಿ, ದಿನವಿಡೀ ಬೇಡ.

ಹಮಾಲಿ ಕೆಲಸಕ್ಕೆ ಮರಳುವವರು ಮೊದಲ ವಾರ ಕೈಗಾಡಿ, ತೂಕದ ಮಾಪು, ಚೀಲ ಹೊಲಿಯುವ ಕೆಲಸ ಕೇಳಿ ಪಡೆಯಲಿ. ಎರಡನೇ ವಾರ ಅರ್ಧ ದಿನ, ಇಬ್ಬರು ಸೇರಿ ಎತ್ತುವ ಕೆಲಸ ಮಾತ್ರ. ಮರುದಿನ ಬೆಳಿಗ್ಗೆ ನೋವು ಹಿಂದಿನ ದಿನದಷ್ಟೇ ಇದ್ದರೆ ಮುಂದಿನ ಹಂತಕ್ಕೆ ಹೋಗಿ, ಏರಿದ್ದರೆ ಎರಡು ದಿನ ಹಿಂದಿನ ಹಂತದಲ್ಲೇ ಇರಿ. ಆರು ವಾರ ದಾಟಿಯೂ ಕಾಲಿನ ಸೆಳೆತ ಹಾಗೇ ಇದ್ದರೆ ಆಗ ಎಂ.ಆರ್.ಐ. ಮಾಡಿಸಿ, ಮೂಳೆ ಅಥವಾ ನರಶಸ್ತ್ರ ತಜ್ಞರನ್ನು ಕಾಣಿ. ಹೋಗುವಾಗ ನುಂಗಿದ ಮಾತ್ರೆಗಳ ಖಾಲಿ ಪಟ್ಟಿ, ಹಳೆಯ ಎಕ್ಸ್‌ರೇ, ಎಷ್ಟು ದೂರ ನಡೆದರೆ ಕಾಲು ಸೇದುತ್ತದೆ ಎಂಬ ಲೆಕ್ಕ ಜೊತೆಗಿರಲಿ. ಕುಡಿಯುವ ನೀರು ಎಲ್ಲಿಯದು, ಮನೆಯಲ್ಲಿ ಕುರಿ ಇವೆಯೇ ಎಂಬುದನ್ನೂ ಅವರು ಕೇಳುವ ಮೊದಲೇ ಹೇಳಿ.